ಆ ರಾತ್ರಿ ಕಂಡ ಬೆಳಕನ್ನು ಕೋರ್ಟಿನಲ್ಲಿ ಹೇಗೆ ಹೇಳಲಿ?

ಪ್ರಶ್ನೆ: 2025ರ ಜನವರಿಯಲ್ಲಿ ಒಂದು ರಾತ್ರಿ, ಸುಮಾರು ಎಂಟೂವರೆ ಗಂಟೆಗೆ ಹಿರಿಯೂರಿನಿಂದ ಹೊಸದುರ್ಗದ ಕಡೆ ಕಾರಿನಲ್ಲಿ ಹೋಗುತ್ತಿದ್ದೆವು. ಭಾಮೈದ ಓಡಿಸುತ್ತಿದ್ದ. ನಾನು ಪಕ್ಕದ ಸೀಟಿನಲ್ಲಿದ್ದೆ. ಅತ್ತೆ ಹಿಂದೆ ಮಲಗಿದ್ದರು. ಎದುರಿಗೆ ಆಕಾಶದಲ್ಲಿ ಒಂದು ಬಿಳಿ ಬೆಳಕು ಕಂಡಿತು. ಬಹಳ ಹೊತ್ತು ನಮ್ಮ ಜೊತೆಗೇ ಬರುತ್ತಿರುವ ಹಾಗೆ ಇತ್ತು. ಒಂದು ತಿರುವಿನಲ್ಲಿ ಅದು ತಟ್ಟನೆ ಕೆಳಗಿಳಿದು ಹತ್ತಿರ ಬಂದಂತೆ ಆಯಿತು. ಗಾಜಿನ ತುಂಬ ಬೆಳಕು. ಭಾಮೈದ ಸ್ಟೇರಿಂಗ್ ಎಡಕ್ಕೆ ಎಳೆದ. ರಸ್ತೆ ಬದಿಯಲ್ಲಿ ಮೊಪೆಡ್ ನಿಲ್ಲಿಸಿಕೊಂಡು ನಿಂತಿದ್ದ ರೈತರೊಬ್ಬರಿಗೆ ಕಾರು ಗುದ್ದಿತು. ಅವರ ಕಾಲು ಮುರಿಯಿತು. ಅಜಾಗರೂಕ ಚಾಲನೆ ಎಂದು ಕೇಸಾಗಿದೆ.

ಅದು ಬೇರೆ ಲೋಕದ ವಾಹನವೇ ಎಂದು ಭಾಮೈದ ನಂಬಿಬಿಟ್ಟಿದ್ದಾನೆ. ಯಾರದೋ ಬಳಿ ಹಿಪ್ನಾಟಿಸಂ ಮಾಡಿಸಿಕೊಂಡು ಬಂದ ಮೇಲೆ ಒಳಗೆ ಮೂವರು ಇದ್ದರು ಎನ್ನುತ್ತಾನೆ. ಸುಳ್ಳು ಪತ್ತೆ ಪರೀಕ್ಷೆಗೂ ರೆಡಿ ಇದ್ದಾನೆ. ಅತ್ತೆಯೂ ಈಗ ನಾನೂ ನೋಡಿದೆ ಎನ್ನುತ್ತಿದ್ದಾರೆ. ಪೊಲೀಸರು ಬರೆದುಕೊಂಡ ನನ್ನ ಹೇಳಿಕೆಯಲ್ಲಿ 'ಎದುರಿನ ಬೆಳಕಿಗೆ ಗಾಬರಿಯಾಗಿ' ಎಂದಷ್ಟೇ ಇದೆ. ಈಗ ನನಗೆ ಸಾಕ್ಷಿ ಸಮನ್ಸ್ ಬಂದಿದೆ. 'ಲಾರಿ ಹೈ ಬೀಮ್ ಹಾಕಿಕೊಂಡು ಬಂತು ಅಂತ ಹೇಳಿಬಿಡಿ' ಎಂದು ಭಾಮೈದನ ವಕೀಲರು ಹೇಳುತ್ತಾರೆ. ನಾನು ಲಾರಿ ನೋಡಿಲ್ಲ. ಕಂಡದ್ದನ್ನೇ ಹೇಳಿದರೆ ಹುಚ್ಚ ಎನ್ನುತ್ತಾರೆ. ನಾನು ಹೈಸ್ಕೂಲ್ ಮೇಷ್ಟ್ರು, ಮಕ್ಕಳ ಮುಂದೆ ನಿಲ್ಲಬೇಕಾದವನು. ಇಂಥ ಸಾಕ್ಷಿಯನ್ನು ಕೋರ್ಟ್ ನಂಬುತ್ತದಾ? ಅಮೆರಿಕದಲ್ಲಿ ಅಧಿಕಾರಿಗಳೇ ಪ್ರಮಾಣ ಮಾಡಿ ಹೇಳಿದ್ದಾರಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದಾ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮನ್ನು ಎರಡು ಭಯ ಕಾಡುತ್ತಿವೆ. ನಿಜ ಹೇಳಿದರೆ ಮರ್ಯಾದೆ ಹೋಗುತ್ತದೆ ಎಂಬುದು ಒಂದು. ಸುಳ್ಳು ಹೇಳಿದರೆ ಮನಸ್ಸು ಒಪ್ಪುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಎರಡನೆಯದು ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು.

ಅನ್ಯಗ್ರಹ ಜೀವಿಗಳು ಇವೆಯೋ ಇಲ್ಲವೋ ಎಂದು ನಿಮ್ಮ ಕೋರ್ಟು ತೀರ್ಮಾನ ಮಾಡಲು ಹೋಗುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಇರುವ ಪ್ರಶ್ನೆ ಸಣ್ಣದು. ನಿಮ್ಮ ಭಾಮೈದ ಅಜಾಗರೂಕತೆಯಿಂದ ಕಾರು ಓಡಿಸಿದನೇ, ಅದರಿಂದ ಒಬ್ಬರ ಕಾಲು ಮುರಿಯಿತೇ? ಅದಕ್ಕೆ ಬೇಕಾದದ್ದು ನಿಮ್ಮ ಕಣ್ಣಿಗೆ ಏನು ಬಿತ್ತು ಎಂಬುದು. ಅದಕ್ಕೆ ನೀವು, ಭಾಮೈದ, ಅತ್ತೆ ಏನು ಹೆಸರಿಟ್ಟಿರಿ ಎಂಬುದು ಕೋರ್ಟಿಗೆ ಬೇಡ.

ನಾನು ವಕೀಲನಾಗಿ ಕರಿ ಕೋಟು ಹಾಕಿಕೊಂಡ ಹೊಸತರಲ್ಲಿ ಕಂಡ ಒಂದು ಸಾಕ್ಷಿ ವಿಚಾರಣೆ ನೆನಪಾಗುತ್ತದೆ. ಹೊಲದ ಬದುವಿನ ಜಗಳ. ರಾತ್ರಿ ಬಣವೆಗೆ ಬೆಂಕಿ ಬಿದ್ದಿತ್ತು. ವಯಸ್ಸಾದ ಸಾಕ್ಷಿಯೊಬ್ಬರು ಕಟಕಟೆಯಲ್ಲಿ ನಿಂತು 'ಕೊಳ್ಳಿದೆವ್ವ ಹೋಗ್ತಾ ಇತ್ತು ಸ್ವಾಮಿ, ನಾನು ಹೊದ್ದುಕೊಂಡು ಮಲಗಿಬಿಟ್ಟೆ' ಎಂದರು. ಎದುರು ವಕೀಲರು ಜೋರಾಗಿ ನಕ್ಕರು. ಜಡ್ಜ್ ನಗಲಿಲ್ಲ. ಪೆನ್ನು ಕೆಳಗಿಟ್ಟು ಕೇಳಿದರು: ಎಷ್ಟು ಬೆಳಕು ಇದ್ದವು? ನೆಲದಿಂದ ಎಷ್ಟು ಎತ್ತರ? ಯಾವ ಕಡೆಯಿಂದ ಯಾವ ಕಡೆಗೆ? ಅಜ್ಜ ಹೇಳಿದರು, ಮೂರು ಬೆಳಕು, ಸೊಂಟದ ಎತ್ತರ, ಹಳ್ಳದ ಕಡೆಯಿಂದ ಬಣವೆ ಕಡೆಗೆ, ಮೂರೂ ಒಂದೇ ಸಮನೆ ಮೇಲೆ ಕೆಳಗೆ ಆಡುತ್ತಿದ್ದವು. ಮೂರು ಜನ ಕೈಯಲ್ಲಿ ಬೆಳಕು ಹಿಡಿದು ನಡೆದರೆ ಹಾಗೆಯೇ ಕಾಣುವುದು, ಅಲ್ವಾ? ಅಜ್ಜ ಕಂಡದ್ದು ನಿಜ. ಇಟ್ಟ ಹೆಸರು ಅವರ ಊರಿನದು, ಅವರ ಕಾಲದ್ದು. ಜಡ್ಜ್ ಹೆಸರನ್ನು ಬಿಟ್ಟು ಕಂಡದ್ದನ್ನು ತೆಗೆದುಕೊಂಡರು. ನಿಮ್ಮ ಭಾಮೈದ ಐವತ್ತು ವರ್ಷ ಮೊದಲು ಹುಟ್ಟಿದ್ದರೆ ಬಹುಶಃ ಅವನೂ ಕೊಳ್ಳಿದೆವ್ವ ಎಂದೇ ಹೇಳುತ್ತಿದ್ದ.

ಕಾನೂನಿನ ಪುಸ್ತಕದಲ್ಲಿರುವುದೂ ಇದೇ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 55ನೇ ಕಲಂ ಪ್ರಕಾರ ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು. ನೋಡಿದ ವಿಷಯವಾದರೆ 'ನಾನೇ ನೋಡಿದೆ' ಎನ್ನುವವರೇ ಬಂದು ಹೇಳಬೇಕು. 124ನೇ ಕಲಂ ಯಾರು ಸಾಕ್ಷಿ ಹೇಳಬಹುದು ಎಂಬುದನ್ನು ಹೇಳುತ್ತದೆ. ಪ್ರಶ್ನೆ ಅರ್ಥವಾಗಿ, ಅದಕ್ಕೆ ಸರಿಯಾಗಿ ಉತ್ತರ ಕೊಡಬಲ್ಲ ಯಾರೇ ಆಗಲಿ ಹೇಳಬಹುದು. ಮಾನಸಿಕ ಕಾಯಿಲೆ ಇರುವವರೂ ಪ್ರಶ್ನೆ ಅರ್ಥ ಮಾಡಿಕೊಂಡು ಉತ್ತರಿಸಬಲ್ಲರಾದರೆ ಸಾಕ್ಷಿಯೇ. ವಿಚಿತ್ರವಾದದ್ದನ್ನು ಕಂಡೆ ಎಂದ ಮಾತ್ರಕ್ಕೆ ಯಾರನ್ನೂ ಕಟಕಟೆಯಿಂದ ಇಳಿಸುವುದಿಲ್ಲ. 119ನೇ ಕಲಂ ಮಾತ್ರ ಇನ್ನೊಂದು ಕಡೆಗೆ ಎಳೆಯುತ್ತದೆ. ಪ್ರಕೃತಿಯ ಮಾಮೂಲಿ ನಡೆ, ಮನುಷ್ಯರ ಮಾಮೂಲಿ ನಡೆ ನೋಡಿಕೊಂಡು ಯಾವುದು ನಡೆದಿರಬಹುದು ಎಂದು ಕೋರ್ಟು ಊಹಿಸಬಹುದು. ಆಕಾಶದಿಂದ ವಾಹನ ಇಳಿಯುವುದು ಮಾಮೂಲಿ ನಡೆಯಲ್ಲಿ ಬರುವುದಿಲ್ಲ. ಹಾಗಾಗಿ ಅದನ್ನೇ ಸಾಬೀತು ಮಾಡಲು ಹೊರಟವರ ಹೆಗಲ ಮೇಲೆ ಬಹಳ ದೊಡ್ಡ ಹೊರೆ ಬೀಳುತ್ತದೆ. ಆ ಹೊರೆಯನ್ನು ನೀವು ಯಾಕೆ ಹೊರಬೇಕು ಎಂಬುದು ನನ್ನ ಪ್ರಶ್ನೆ.

ಆ ಹೊರೆ ಹೊತ್ತವರ ಕಥೆ ಅಮೆರಿಕದಲ್ಲಿದೆ. ನಿಮ್ಮದಕ್ಕೆ ಬಹಳ ಹತ್ತಿರದ್ದು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1980ರ ಡಿಸೆಂಬರ್ 29. ಟೆಕ್ಸಾಸ್‌ನ ಹ್ಯೂಸ್ಟನ್ ನಗರದ ಆಚೆ, ಹಫ್‌ಮನ್ ಎಂಬ ಊರಿನ ಹತ್ತಿರ, ಕಾಡಿನ ನಡುವಿನ ರಸ್ತೆ. ಬೆಟ್ಟಿ ಕ್ಯಾಶ್ ಕಾರು ಓಡಿಸುತ್ತಿದ್ದರು. ಜೊತೆಯಲ್ಲಿ ಗೆಳತಿ ವಿಕಿ ಲ್ಯಾಂಡ್ರಮ್ ಮತ್ತು ಅವರ ಏಳು ವರ್ಷದ ಮೊಮ್ಮಗ. ರಾತ್ರಿ ಒಂಬತ್ತರ ಸುಮಾರು. ಮರಗಳ ಮೇಲೆ ಬೆಳಕು ಕಂಡಿತು. ವಿಮಾನವಿರಬೇಕು ಎಂದುಕೊಂಡರು. ಮುಂದೆ ಹೋದಾಗ ವಜ್ರದ ಆಕಾರದ ದೊಡ್ಡದೊಂದು ವಸ್ತು ರಸ್ತೆಯ ಮೇಲೆ ತೇಲುತ್ತಿತ್ತಂತೆ. ಅಡಿಯಿಂದ ಬೆಂಕಿ ಬರುತ್ತಿತ್ತಂತೆ. ಕಾರಿನ ಬಾಗಿಲು ಮುಟ್ಟಲಾಗದಷ್ಟು ಬಿಸಿಯಾಯಿತಂತೆ. ವಿಕಿ ಅವರು ದೈವಭಕ್ತೆ. ಯೇಸು ಮತ್ತೆ ಬರುತ್ತಿದ್ದಾನೆ ಎಂದೇ ಮೊದಲು ಅಂದುಕೊಂಡರು. ಆಮೇಲೆ ಹೆಲಿಕಾಪ್ಟರ್‌ಗಳು ಬಂದು ಅದನ್ನು ಸುತ್ತುವರಿದವು. ಇವರು ಎಣಿಸಿದ ಲೆಕ್ಕ 23. ಮುಂದಿನ ದಿನಗಳಲ್ಲಿ ಮೂವರಿಗೂ ವಾಂತಿ, ಕಣ್ಣುರಿ, ಚರ್ಮದ ತೊಂದರೆ ಶುರುವಾಯಿತು. ಬೆಟ್ಟಿ ಆಸ್ಪತ್ರೆ ಸೇರಿದರು. ಅವರ ಕೂದಲು ಉದುರಿತು.

ಅವರು ಅಮೆರಿಕ ಸರ್ಕಾರದ ಮೇಲೆ 2 ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹಾಕಿದರು. ಹೆಲಿಕಾಪ್ಟರ್ ಸೇನೆಯದು, ಆದ್ದರಿಂದ ಆ ವಸ್ತುವೂ ಸರ್ಕಾರದ್ದೇ ಎಂಬುದು ಅವರ ವಾದ. ಸೇನೆಯ ಕಡೆಯಿಂದ ತನಿಖೆಗೆ ಬಂದ ಲೆಫ್ಟಿನೆಂಟ್ ಕರ್ನಲ್ ಜಾರ್ಜ್ ಸರ್ರನ್ ಇವರನ್ನು ಮಾತನಾಡಿಸಿದರು. ಇಬ್ಬರು ಹೆಂಗಸರೂ ನಂಬಲರ್ಹರು ಎಂದೇ ಅವರಿಗೆ ಅನಿಸಿತು. ಆದರೆ ಆ ಹೆಲಿಕಾಪ್ಟರ್‌ಗಳು ಸೇನೆಯವು ಎನ್ನಲು ಪುರಾವೆ ಸಿಗಲಿಲ್ಲ. 1986ರ ಆಗಸ್ಟ್‌ನಲ್ಲಿ ಹ್ಯೂಸ್ಟನ್‌ನ ಫೆಡರಲ್ ಕೋರ್ಟು ದಾವೆಯನ್ನು ವಜಾ ಮಾಡಿತು. ಅಂಥ ವಸ್ತು ತಮ್ಮ ಬಳಿ ಇಲ್ಲ ಎಂದು ಸೇನೆ ಮತ್ತಿತರ ಇಲಾಖೆಗಳ ಅಧಿಕಾರಿಗಳು ಹೇಳಿದ್ದರು. ಹೆಲಿಕಾಪ್ಟರ್ ಸರ್ಕಾರದ್ದು ಎಂದು ತೋರಿಸಲೂ ಆಗಲಿಲ್ಲ.

ಇದನ್ನು ಎಷ್ಟೋ ಜನ 'ಕೋರ್ಟು ಅವರನ್ನು ಸುಳ್ಳುಗಾರರು ಎಂದಿತು' ಎಂದು ಹೇಳುತ್ತಾರೆ. ತಪ್ಪು. ದಾವೆ ಬಿದ್ದದ್ದು ಕಂಡದ್ದರ ಮೇಲಲ್ಲ. ಕಂಡದ್ದಕ್ಕೂ ಪ್ರತಿವಾದಿಗೂ ನಡುವಿನ ಕೊಂಡಿ ಇರಲಿಲ್ಲ. ಮೂವರು ಒಟ್ಟಿಗೆ ಕಂಡರು. ಮೈಮೇಲೆ ಗುರುತುಗಳಿದ್ದವು. ತನಿಖೆ ಮಾಡಿದವರೇ ನಂಬಿದರು. ಅಷ್ಟಾದರೂ 'ಅದು ಯಾರದು' ಎಂಬ ಒಂದು ಪ್ರಶ್ನೆಗೆ ಉತ್ತರ ಇಲ್ಲದೆ ಎಲ್ಲ ಹೋಯಿತು. ಅವರ ನೋವು ನಿಜವಾದದ್ದು. ಈ ಕೇಸನ್ನು ಓದಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ನಿಮ್ಮ ಊರಿಗೂ ಇದು ತಾಗುತ್ತದೆ. ಚಳ್ಳಕೆರೆ ಹತ್ತಿರ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇದೆ. ಅಲ್ಲಿ ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ನೋಡುತ್ತಾರೆ. 2023ರ ಆಗಸ್ಟ್‌ನಲ್ಲಿ ಅಂಥದೊಂದು, ತಪಸ್ ಎಂಬುದು, ಹಿರಿಯೂರು ತಾಲೂಕಿನ ಹೊಲದಲ್ಲಿ ಬಿದ್ದದ್ದು ನಿಮಗೇ ಗೊತ್ತಿರುತ್ತದೆ. ಹಾಗೆಂದು 'ಅವತ್ತು ಕಂಡದ್ದು ಅದೇ' ಎಂದು ಕಟಕಟೆಯಲ್ಲಿ ಹೇಳಬೇಡಿ. ಪುರಾವೆ ಇಲ್ಲದೆ ಹೇಳಿದರೆ ಅದೂ ಸುಮ್ನೆ ಇನ್ನೊಂದು ಹೆಸರು, ಅಷ್ಟೇ.

ಅಮೆರಿಕದ ಅಧಿಕಾರಿಗಳ ವಿಷಯ ಕೇಳಿದ್ದೀರಿ. ನೀವು ಹೇಳುತ್ತಿರುವುದು 2023ರ ಜುಲೈ 26ರದ್ದು ಇರಬೇಕು. ಅದು ಕೋರ್ಟಲ್ಲ, ಅಲ್ಲಿನ ಸಂಸತ್ತಿನ ಉಪಸಮಿತಿ. ಒಂದೇ ಮೇಜಿನ ಹಿಂದೆ ಕೂತವರಲ್ಲಿ ಡೇವಿಡ್ ಗ್ರಶ್ ಮತ್ತು ಡೇವಿಡ್ ಫ್ರೇವರ್ ಇದ್ದರು. ಫ್ರೇವರ್ ನೌಕಾದಳದ ಪೈಲಟ್ ಆಗಿದ್ದವರು. 2004ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಾಚೆ ತಾವೇ ಕಂಡ ಒಂದು ಬಿಳಿ ವಸ್ತುವಿನ ಆಕಾರ, ಅದು ಚಲಿಸಿದ ರೀತಿ ಹೇಳಿದರು. ಗ್ರಶ್ ಗುಪ್ತಚರ ಅಧಿಕಾರಿಯಾಗಿದ್ದವರು. ಮನುಷ್ಯರದ್ದಲ್ಲದ ವಾಹನಗಳು ಸರ್ಕಾರದ ಬಳಿ ಇವೆ ಎಂದರು, ಆದರೆ ಅದು ಇತರರು ತಮಗೆ ಹೇಳಿದ್ದು ಎಂದರು. ಇಬ್ಬರೂ ಪ್ರಮಾಣ ಮಾಡಿದ್ದರು. ನಮ್ಮ 55ನೇ ಕಲಮಿನ ತಕ್ಕಡಿಯಲ್ಲಿ ಇಟ್ಟರೆ ಫ್ರೇವರ್ ಮಾತು ಸಾಕ್ಷ್ಯ, ಗ್ರಶ್ ಮಾತು ಕೇಳಿದ ಮಾತು. ಪ್ರಮಾಣ ಮಾಡಿದ ತಕ್ಷಣ ಕೇಳಿದ ಮಾತು ಕಂಡ ಮಾತಾಗುವುದಿಲ್ಲ. ಮಾರನೇ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ತನಿಖಾ ಕಚೇರಿ, ಭೂಮಿಯಾಚೆಗಿನ ತಂತ್ರಜ್ಞಾನಕ್ಕೆ ಯಾವ ಪುರಾವೆಯೂ ಸಿಗಲಿಲ್ಲ ಎಂದು ವರದಿ ಕೊಟ್ಟಿತು. ಆ ಮಾತುಗಳನ್ನು ಪ್ರಿಂಟ್ ತೆಗೆದುಕೊಂಡು ಹೊಸದುರ್ಗದ ಕೋರ್ಟಿಗೆ ಹೋಗಬೇಡಿ. ಯಾರಿಗೂ ಉಪಯೋಗವಿಲ್ಲ.

ಇನ್ನು ನಿಮ್ಮ ಕಣ್ಣಿನ ವಿಷಯ. ಬೇಜಾರು ಮಾಡಿಕೊಳ್ಳಬೇಡಿ. ಪಾಟಿ ಸವಾಲಿನಲ್ಲಿ, ಅಂದರೆ ಎದುರು ವಕೀಲರು ಸಾಕ್ಷಿಯನ್ನು ಕೆದಕಿ ಕೇಳುವಾಗ, ಇವೇ ಪ್ರಶ್ನೆಗಳು ಬರುತ್ತವೆ, ಮೊದಲೇ ಗೊತ್ತಿರಲಿ.

2012–13ರಲ್ಲಿ ಲಡಾಖ್ ಗಡಿಯಲ್ಲಿದ್ದ ನಮ್ಮ ಸೈನಿಕರು ಸರೋವರವೊಂದರ ಮೇಲೆ ಗುರುತು ಸಿಗದ ಬೆಳಕುಗಳನ್ನು 329 ಸಲ ದಾಖಲಿಸಿದರು. ಚೀನಾದ ಡ್ರೋನ್ ಇರಬಹುದು ಎಂಬ ಅನುಮಾನ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳನ್ನು ಕೇಳಿದರು. ಅವರು ಲೆಕ್ಕ ಹಾಕಿ ನೋಡಿದಾಗ ಅವು ಶುಕ್ರ ಮತ್ತು ಗುರು ಗ್ರಹಗಳಾಗಿದ್ದವು. ಪಹರೆ ಕಾಯುವುದೇ ಕೆಲಸವಾದ ಸೈನಿಕರಿಗೆ ಹೀಗಾಯಿತು ಎಂದರೆ ನಮ್ಮ ನಿಮ್ಮ ಮಾತೇನು?

2025ರ ಜನವರಿಯಲ್ಲಿ ಶುಕ್ರ ಸಂಜೆಯ ಪಶ್ಚಿಮದಲ್ಲಿ ಬಹಳ ಪ್ರಖರವಾಗಿತ್ತು. ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವಾಗ ನಿಮ್ಮ ಮುಖ ಪಶ್ಚಿಮಕ್ಕೇ ಇರುತ್ತದೆ. ರಾತ್ರಿ ಎಂಟೂವರೆಗೆ ಅದು ಇಳಿಮುಖವಾಗಿ, ಗುಡ್ಡದ ಸಾಲಿಗೆ ಹತ್ತಿರವಿರುತ್ತದೆ. ಬಹಳ ದೂರದ ಬೆಳಕು ಕಾರಿನ ಜೊತೆಗೇ ಬರುವಂತೆ ಕಾಣುವುದು ಸಹಜ. ಚಿಕ್ಕಂದಿನಲ್ಲಿ ಚಂದಮಾಮ ನಮ್ಮ ಬಸ್ಸಿನ ಹಿಂದೆ ಬರುತ್ತಿದ್ದದ್ದು ನೆನಪಿದೆಯಲ್ಲ. ಅದೂ ಅಲ್ಲದೆ ನಿಮ್ಮ ಕಡೆ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳು, ಅವುಗಳ ತಲೆಯ ಮೇಲೆ ಕೆಂಪು ದೀಪ. ಒಂದು ಬೆಳಕನ್ನೇ ನೋಡುತ್ತ ಬಂದ ಕಣ್ಣಿಗೆ, ತಿರುವಿನಲ್ಲಿ ಬೇರೊಂದು ಬೆಳಕು ಥಟ್ಟನೆ ಬಡಿದರೆ, ಮೊದಲನೆಯದೇ ಕೆಳಗಿಳಿದು ಬಂತು ಎಂದು ಅನಿಸಬಹುದು. ಹೀಗೇ ಆಯಿತು ಎಂದು ನಾನು ಹೇಳುತ್ತಿಲ್ಲ. ನಾನು ಅಲ್ಲಿರಲಿಲ್ಲ. ಆದರೆ ಆ ರಾತ್ರಿ ಶುಕ್ರ ಎಲ್ಲಿತ್ತು ಎಂಬುದನ್ನು ಖಗೋಳ ತಜ್ಞರು ನಿಮಿಷದ ಲೆಕ್ಕದಲ್ಲಿ ಹೇಳಬಲ್ಲರು. 39ನೇ ಕಲಮಿನಲ್ಲಿ ತಜ್ಞರ ಅಭಿಪ್ರಾಯಕ್ಕೆ ಜಾಗವಿದೆ. ಭಾಮೈದನ ವಕೀಲರು ಅಂಥ ತಜ್ಞರನ್ನು ಕರೆಸುವ ಯೋಚನೆ ಮಾಡಿದರೆ ಲಾರಿಯ ಕಥೆಗಿಂತ ನೂರು ಪಾಲು ವಾಸಿ.

ಅತ್ತೆಯವರು ಮಲಗಿದ್ದರು ಎಂದು ನೀವೇ ಬರೆದಿದ್ದೀರಿ. ಈಗ ನೋಡಿದೆ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅದನ್ನು ನೀವು ಮೊದಲು ನಂಬಬೇಕು. ಮನೆಯಲ್ಲಿ ದಿನವೂ ಅದೇ ಮಾತು ಕೇಳಿದರೆ ಅದು ನಮ್ಮದೇ ನೆನಪಾಗಿ ಕೂರುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನಶ್ಶಾಸ್ತ್ರಜ್ಞರು ಕಾರು ಅಪಘಾತದ ಚಿತ್ರ ತೋರಿಸಿದರು. ಕೆಲವರನ್ನು 'ಕಾರುಗಳು ಅಪ್ಪಳಿಸಿದಾಗ ವೇಗ ಎಷ್ಟಿತ್ತು' ಎಂದೂ, ಕೆಲವರನ್ನು 'ಗುದ್ದಿದಾಗ' ಎಂದೂ ಕೇಳಿದರು. ಒಂದು ವಾರ ಬಿಟ್ಟು 'ಒಡೆದ ಗಾಜು ಕಂಡಿತ್ತಾ' ಎಂದರು. ಅಪ್ಪಳಿಸಿದಾಗ ಎಂದು ಕೇಳಿಸಿಕೊಂಡ 50 ಜನರಲ್ಲಿ 16 ಮಂದಿ ಹೌದು ಎಂದರು. ಗುದ್ದಿದಾಗ ಎಂದು ಕೇಳಿಸಿಕೊಂಡ 50 ಜನರಲ್ಲಿ 7 ಮಂದಿ. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಒಂದು ಕ್ರಿಯಾಪದ ಇಷ್ಟು ಮಾಡಿತು ಎಂದರೆ ತಿಂಗಳುಗಟ್ಟಲೆ ಮನೆಮಾತು ಏನು ಮಾಡೀತು! ಹಾಗಾಗಿ ಇವತ್ತಿನಿಂದ ಮೂವರೂ ಈ ವಿಷಯ ಮಾತನಾಡುವುದನ್ನು ನಿಲ್ಲಿಸಿ. ಅತ್ತೆಯವರನ್ನು ಸಾಕ್ಷಿಯಾಗಿ ಕರೆದರೆ, ಎದ್ದ ಮೇಲೆ ಕಂಡದ್ದು ಮಾತ್ರ ಹೇಳಲಿ.

ಭಾಮೈದನ ಹಿಪ್ನಾಟಿಸಂ ಇದಕ್ಕಿಂತ ಗಂಭೀರ. ಅನ್ಯಗ್ರಹದವರು ಎತ್ತಿಕೊಂಡು ಹೋದರು ಎಂಬ ಕಥೆಗಳಲ್ಲಿ ಬಹಳ ಹೆಸರಾದದ್ದು ನ್ಯೂ ಹ್ಯಾಂಪ್‌ಶೈರ್‌ನ ಬೆಟ್ಟಿ ಮತ್ತು ಬಾರ್ನಿ ಹಿಲ್ ದಂಪತಿಯದು, 1961ರದ್ದು. ಅದರ ವಿವರಗಳು ಬಿಚ್ಚಿಕೊಂಡದ್ದು 1964ರಲ್ಲಿ, ಬಾಸ್ಟನ್‌ನ ಡಾಕ್ಟರ್ ಬೆಂಜಮಿನ್ ಸೈಮನ್ ಅವರ ಹಿಪ್ನಾಟಿಸಂನಲ್ಲಿ. ಕೊನೆಗೆ ಆ ಡಾಕ್ಟರೇ ಅದನ್ನು ನಡೆದ ಘಟನೆ ಎಂದು ಒಪ್ಪಲಿಲ್ಲ, ಬೆಟ್ಟಿಯವರ ಕನಸುಗಳಿಂದ ಬೆಳೆದದ್ದು ಎಂದರು. ಹಿಪ್ನಾಟಿಸಂನಲ್ಲಿ ನೆನಪಿನ ಖಾಲಿ ಜಾಗಗಳು ತುಂಬಿಕೊಳ್ಳುತ್ತವೆ. ತುಂಬಿದ್ದು ಯಾವುದು, ಮೊದಲೇ ಇದ್ದದ್ದು ಯಾವುದು ಎಂದು ಆ ಮನುಷ್ಯನಿಗೂ ಗೊತ್ತಾಗುವುದಿಲ್ಲ, ಆದರೆ ಧೈರ್ಯ ಮಾತ್ರ ಜಾಸ್ತಿಯಾಗುತ್ತದೆ. ಇದೇ ಕಾರಣಕ್ಕೆ, ಹಿಪ್ನಾಟಿಸಂ ಆದ ಮೇಲೆ ಹೇಳುವ ಸಾಕ್ಷ್ಯದ ಬಗ್ಗೆ ಅಮೆರಿಕದ ಕೋರ್ಟುಗಳು ತಲೆ ಕೆಡಿಸಿಕೊಂಡವು. ನ್ಯೂಜೆರ್ಸಿ 1981ರಲ್ಲಿ ಕಟ್ಟುನಿಟ್ಟಿನ ಷರತ್ತು ಹಾಕಿ ಒಪ್ಪಿತು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1982ರಲ್ಲಿ ಅಂಥ ಸಾಕ್ಷಿಯೇ ಬೇಡ ಎಂದಿತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಆರೋಪಿಯೇ ತನ್ನ ಪರವಾಗಿ ಹೇಳುವಾಗ ಸಾರಾಸಗಟಾಗಿ ಬಾಗಿಲು ಮುಚ್ಚಬಾರದು ಎಂದಿತು. ನಮ್ಮಲ್ಲಿ ಮ್ಯಾಜಿಸ್ಟ್ರೇಟರ ಮುಂದೆ 'ಒಳಗೆ ಮೂವರಿದ್ದರು' ಎಂಬ ಮಾತು ಬಂದರೆ, ಪೊಲೀಸ್ ದಾಖಲೆಯಲ್ಲಿ ಇಲ್ಲದ್ದು ಈಗ ಎಲ್ಲಿಂದ ಬಂತು ಎಂಬ ಪ್ರಶ್ನೆ ಮೊದಲು ಬರುತ್ತದೆ. ಉತ್ತರ ಹಿಪ್ನಾಟಿಸಂ ಎಂದಾದರೆ ಬೆಳಕಿನ ಮಾತೂ ಅದರ ಜೊತೆಗೇ ಮುಳುಗುವ ಅಪಾಯ ಇದೆ. ಇನ್ನೊಮ್ಮೆ ಅಲ್ಲಿಗೆ ಹೋಗಬೇಡ ಎಂದು ಅವನಿಗೆ ಹೇಳಿ.

ಸುಳ್ಳು ಪತ್ತೆ ಪರೀಕ್ಷೆಯಿಂದಲೂ ಲಾಭವಿಲ್ಲ. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ, 2010ರ ಮೇ 5ರಂದು, ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿತು. ಒಪ್ಪಿಗೆ ಇಲ್ಲದೆ ಯಾರಿಗೂ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಆ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ. ಅದರಿಂದ ಏನಾದರೂ ಹೊಸ ವಸ್ತು ಸಿಕ್ಕರೆ ಮಾತ್ರ ಅದಕ್ಕೆ ಬೆಲೆ. ಕಾನೂನು ಬಿಡಿ, ಆ ಯಂತ್ರ ಅಳೆಯುವುದು ಎದೆಬಡಿತ, ಬೆವರು, ಉಸಿರು. ಹಾರ್ವರ್ಡ್‌ನ ರಿಚರ್ಡ್ ಮೆಕ್‌ನ್ಯಾಲಿ ಮತ್ತು ಜೊತೆಗಾರರು, ತಮ್ಮನ್ನು ಅನ್ಯಗ್ರಹದವರು ಎತ್ತಿಕೊಂಡು ಹೋಗಿದ್ದರು ಎನ್ನುವವರನ್ನು ಕೂರಿಸಿ ಅವರದೇ ಕಥೆ ಕೇಳಿಸಿದರು. ನಿಜವಾದ ಆಘಾತ ಅನುಭವಿಸಿದವರ ಮೈ ಹೇಗೆ ಪ್ರತಿಕ್ರಿಯಿಸುತ್ತದೋ ಇವರದ್ದೂ ಹಾಗೆಯೇ ಪ್ರತಿಕ್ರಿಯಿಸಿತು. ಮನಸಾರೆ ನಂಬಿದವನ ಮೈ ಅವನ ನಂಬಿಕೆಗೇ ಸಾಕ್ಷಿ ಹೇಳುತ್ತದೆ. ಭಾಮೈದ ಪರೀಕ್ಷೆಯಲ್ಲಿ ಪಾಸಾದರೆ ಅವನು ಪ್ರಾಮಾಣಿಕ ಎಂದು ಗೊತ್ತಾಗಬಹುದು. ಅದು ನಿಮಗೆ ಈಗಾಗಲೇ ಗೊತ್ತಿದೆ.

ಪ್ರಾಮಾಣಿಕವಾಗಿ ತಪ್ಪು ತಿಳಿದವನಿಗೆ ಕಾನೂನಿನಲ್ಲಿ ಜಾಗವೇ ಇಲ್ಲವಾ ಎಂದರೆ, ಇದೆ. ಒಡಿಶಾದ ರಸ್‌ಗೋವಿಂದಪುರದಲ್ಲಿ ಯುದ್ಧಕಾಲದ ಪಾಳುಬಿದ್ದ ವಿಮಾನ ನಿಲ್ದಾಣ ಇತ್ತು. 1958ರ ಮೇ ತಿಂಗಳ ಒಂದು ರಾತ್ರಿ ಅಲ್ಲಿ ಬೆಳಕು ಮಿಣುಕುತ್ತಿತ್ತು. ಅಲ್ಲಿ ದೆವ್ವಗಳಿವೆ ಎಂದು ಊರಲ್ಲೆಲ್ಲ ಮಾತು. ಗುಜರಿ ವ್ಯಾಪಾರಿಯ ಜೊತೆ ಬಂದಿದ್ದ ನೇಪಾಳಿ ಸೇವಕ ರಾಮ್ ಬಹಾದೂರ್ ಥಾಪಾ ದೆವ್ವ ಎಂದೇ ನಂಬಿ ಖುಕ್ರಿ ಬೀಸಿದ. ಅವರು ಲಾಂದ್ರ ಹಿಡಿದು ಹಿಪ್ಪೆ ಹೂವು ಆರಿಸಲು ಬಂದ ಆದಿವಾಸಿ ಹೆಂಗಸರು. ಒಬ್ಬರು ಸತ್ತರು, ಉಳಿದವರಿಗೆ ಗಾಯವಾಯಿತು. ಸೆಷನ್ಸ್ ಕೋರ್ಟು ಅವನನ್ನು ಬಿಡುಗಡೆ ಮಾಡಿತು, ಒಡಿಶಾ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಳೆಯ ದಂಡ ಸಂಹಿತೆಯ 79ನೇ ಕಲಂ ಪ್ರಕಾರ, ಸದ್ಭಾವನೆಯಿಂದ ಆದ ವಾಸ್ತವಾಂಶದ ತಪ್ಪು ತಿಳಿವಳಿಕೆ. ಇನ್ನೂ ಸ್ವಲ್ಪ ಜಾಗ್ರತೆ ಮಾಡಿದ್ದರೆ ತಪ್ಪಿಸಬಹುದಿತ್ತು ಎಂಬ ಒಂದೇ ಕಾರಣಕ್ಕೆ ರಕ್ಷಣೆ ಕಿತ್ತುಕೊಳ್ಳಲು ಹೈಕೋರ್ಟ್ ಒಪ್ಪಲಿಲ್ಲ. ದೆವ್ವ ಇದೆ ಎಂದು ಅದು ಹೇಳಲಿಲ್ಲ ನೋಡಿ. ಅವನು ದೆವ್ವ ಎಂದು ನಂಬಿದ್ದ ಎಂಬುದನ್ನು ಒಪ್ಪಿತು. ಆ ಸತ್ತ ಹೆಂಗಸಿನ ಮನೆಯವರಿಗೆ ಈ ತೀರ್ಪು ಹೇಗೆ ಕೇಳಿಸಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 17. ಆದರೆ ಅದು ನಿಮ್ಮ ಭಾಮೈದನಿಗೆ ಹಾಗೇ ಒಗ್ಗುತ್ತದೆ ಎಂದು ಆಸೆ ಕೊಡಲಾರೆ. ಅಜಾಗರೂಕ ಚಾಲನೆ ಎಂದರೇ ಜಾಗ್ರತೆಯ ಪ್ರಶ್ನೆ. ಕಣ್ಣಿಗೆ ಬೆಳಕು ಹೊಡೆದಾಗ ಸಾಮಾನ್ಯ ಚಾಲಕ ಏನು ಮಾಡುತ್ತಾನೆ? ಬ್ರೇಕ್ ಹಾಕುತ್ತಾನೆ. ಆಕಾಶ ನೋಡುತ್ತ ಬಹಳ ಹೊತ್ತು ಓಡಿಸಿದ್ದರೆ ಅದು ಅವನಿಗೆ ಕಷ್ಟ. ಒಂದೆರಡು ಕ್ಷಣದಲ್ಲಿ ಕಣ್ಣು ಕುರುಡಾಗಿ, ವೇಗ ಕಡಿಮೆ ಇದ್ದು, ಬ್ರೇಕ್ ಹಾಕಿದ ಗುರುತು ರಸ್ತೆಯಲ್ಲಿದ್ದರೆ ಅದು ಅವನಿಗೆ ಸಹಾಯ. ಸ್ಥಳ ಮಹಜರು, ಮೋಟಾರು ವಾಹನ ಇನ್‌ಸ್ಪೆಕ್ಟರ ವರದಿ, ರಸ್ತೆಯ ನಕ್ಷೆ, ಇವುಗಳ ಜೊತೆ ನಿಮ್ಮ ಮಾತನ್ನು ಇಟ್ಟು ನೋಡುತ್ತಾರೆ. ಬೆಳಕು ಯಾವ ಲೋಕದ್ದು ಎಂಬುದಕ್ಕಿಂತ ಸ್ಪೀಡೋಮೀಟರ್ ಎಷ್ಟು ತೋರಿಸುತ್ತಿತ್ತು ಎಂಬುದರ ಮೇಲೆ ಈ ಕೇಸು ನಿಂತಿದೆ.

'ಒಂದು ಮಾತು ನಂಬದಿದ್ದರೆ ಎಲ್ಲವನ್ನೂ ತಳ್ಳಿಹಾಕುತ್ತಾರೆ' ಎಂಬ ಭಯವೂ ನಿಮಗಿರಬಹುದು. ಆ ನಿಯಮ ನಮ್ಮಲ್ಲಿಲ್ಲ. ನಿಸಾರ್ ಅಲಿ ಪ್ರಕರಣದಲ್ಲಿ 1957ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಕಾನೂನಿನ ನಿಯಮವಾಗಿ ಒಪ್ಪಲಿಲ್ಲ. ಮೊರದಲ್ಲಿ ಕೇರಿ ಕಾಳು ಬೇರೆ, ಜೊಳ್ಳು ಬೇರೆ ಮಾಡುವುದು ಕೋರ್ಟಿನ ಕೆಲಸ. ಅದೇ ವರ್ಷದ ವಡಿವೇಲು ತೇವರ್ ತೀರ್ಪು ಸಾಕ್ಷಿಗಳನ್ನು ಮೂರು ಬಗೆ ಮಾಡಿತು: ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ಎರಡೂ ಅಲ್ಲದ ನಡುವಿನವರು. ನಡುವಿನವರ ಮಾತಿಗೆ ಬೇರೆ ಕಡೆಯಿಂದ ಆಸರೆ ಹುಡುಕುತ್ತಾರೆ. 1983ರ ಭರವಾಡ ಭೋಗಿನ್‌ಭಾಯ್ ತೀರ್ಪನ್ನು ನಾನು ಪ್ರತಿಯೊಬ್ಬ ಹೊಸ ಸಾಕ್ಷಿಗೂ ನೆನಪಿಸುತ್ತೇನೆ. ಮನುಷ್ಯನ ನೆನಪು ವಿಡಿಯೊ ಟೇಪ್ ಅಲ್ಲ, ಹೊತ್ತು ಮತ್ತು ದೂರವನ್ನು ಜನ ಅಂದಾಜಿನಲ್ಲೇ ಹೇಳುತ್ತಾರೆ, ಕೋರ್ಟಿನ ವಾತಾವರಣಕ್ಕೇ ಹೆದರಿ ತಡವರಿಸುತ್ತಾರೆ, ಇದನ್ನೆಲ್ಲ ಗಮನದಲ್ಲಿಡಬೇಕು ಎಂದು ಅದು ಹೇಳುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಲಾರಿ ಬಂತು ಎನ್ನುವುದು ಸುಲಭ ಅನಿಸುತ್ತದೆ. ಅದನ್ನು ಮಾತ್ರ ಮಾಡಬೇಡಿ. ನಂಬದಿರುವುದನ್ನು ಪ್ರಮಾಣ ಮಾಡಿ ಹೇಳುವುದು ಸುಳ್ಳು ಸಾಕ್ಷ್ಯ. ನ್ಯಾಯ ಸಂಹಿತೆಯ 229ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಜೈಲು ಆಗಬಹುದು. ನಿಮಗೆ ಹಾಗೆ ಹೇಳಿಕೊಟ್ಟ ವಕೀಲರು ಮಾಡಿದ್ದು ತಪ್ಪು. ನಾನೂ ಅದೇ ವೃತ್ತಿಯವನಾಗಿ ಇದನ್ನು ಹೇಳುತ್ತಿದ್ದೇನೆ. ಲಾರಿ ಎಂದ ಮೇಲೆ ಬಣ್ಣ ಯಾವುದು, ನಿಂತಿತಾ, ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಒಂದು ಸುಳ್ಳಿಗೆ ಹತ್ತು ಸುಳ್ಳು.

'ನನಗೇನೂ ಕಾಣಲಿಲ್ಲ' ಎಂದುಬಿಡುವುದು ಇನ್ನೊಂದು. ಆಗ ಸರ್ಕಾರಿ ವಕೀಲರು ನಿಮ್ಮನ್ನು ಪ್ರತಿಕೂಲ ಸಾಕ್ಷಿ, ಅಂದರೆ ಕರೆದವರ ವಿರುದ್ಧವೇ ತಿರುಗಿದ ಸಾಕ್ಷಿ, ಎಂದು ಪರಿಗಣಿಸಲು ಅನುಮತಿ ಕೇಳಿ, ನಿಮಗೇ ಪಾಟಿ ಸವಾಲು ಹಾಕಬಹುದು. ಭಾಮೈದನ ನಂಬಿಕೆಯನ್ನೆಲ್ಲ ಹೊತ್ತು ಅನ್ಯಗ್ರಹದ ವಾಹನ ಎಂದೇ ಸಾರುವುದು ಮೂರನೆಯದು. ಪೊಲೀಸ್ ಹೇಳಿಕೆಯಲ್ಲಿ ಇಲ್ಲದ ಅಷ್ಟು ದೊಡ್ಡ ಮಾತನ್ನು ವಕೀಲರು 'ಇಂಪ್ರೂವ್‌ಮೆಂಟ್' ಎಂದು ಕರೆಯುತ್ತಾರೆ, ಅಂದರೆ ಆಮೇಲೆ ಸೇರಿಸಿದ್ದು. ನಿಮ್ಮ ಹಳೆಯ ಮಾತಿನ ತೂಕವೂ ಇಳಿಯುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಹೇಳುತ್ತೇನೆ: 'ಎದುರಿಗೆ ಬಿಳಿ ಬೆಳಕು ಕಂಡಿತು. ಇಷ್ಟು ಹೊತ್ತು ಕಂಡಿತು. ತಿರುವಿನಲ್ಲಿ ತುಂಬ ಪ್ರಖರವಾಯಿತು. ಭಾಮೈದ ಎಡಕ್ಕೆ ತಿರುಗಿಸಿದರು. ಗುದ್ದಿದ ಶಬ್ದ ಕೇಳಿತು.' ಏನು ಬೆಳಕು ಎಂದು ಕೇಳಿದರೆ 'ಗೊತ್ತಿಲ್ಲ'. ಲಾರಿ ಇತ್ತಾ ಎಂದರೆ 'ನಾನು ನೋಡಲಿಲ್ಲ'. 'ಇಲ್ಲ' ಎಂದು ಹೇಳಬೇಡಿ, ನೋಡಲಿಲ್ಲ ಎನ್ನಿ. ಎರಡಕ್ಕೂ ವ್ಯತ್ಯಾಸ ಇದೆ. ಅನ್ಯಗ್ರಹದ್ದು ಎಂದು ಮನೆಯಲ್ಲಿ ಮಾತಾಡಿಕೊಂಡಿರಾ ಎಂದು ಕೇಳಿದರೆ ಮುಚ್ಚಿಡಬೇಡಿ, 'ಹೌದು, ಮಾತಾಡಿಕೊಂಡೆವು, ನನಗೆ ಮಾತ್ರ ಅದು ಏನೆಂದು ಗೊತ್ತಿಲ್ಲ' ಎನ್ನಿ. ಇದರಲ್ಲೂ ಅಪಾಯ ಇಲ್ಲದಿಲ್ಲ. ವೇಗದ ಬಗ್ಗೆ ನಿಜ ಹೇಳಿದಾಗ ಭಾಮೈದನಿಗೆ ತೊಂದರೆಯಾಗಬಹುದು, ಮನೆಯಲ್ಲಿ ಮುನಿಸು ಬರಬಹುದು. ಆದರೂ ಪಾಟಿ ಸವಾಲಿನಲ್ಲಿ ಮುರಿಯದೆ ನಿಲ್ಲುವ ಮಾತು ಇದೊಂದೇ. ಬರೀ ಅವಮಾನ ಮಾಡಲು, ಕೆಣಕಲು ಯಾರಾದರೂ ಪ್ರಶ್ನೆ ಕೇಳಿದರೆ ಅದನ್ನು ತಡೆಯುವ ಕರ್ತವ್ಯ 155ನೇ ಕಲಮಿನಲ್ಲಿ ಕೋರ್ಟಿಗೇ ಇದೆ. ನೀವು ಜಗಳಕ್ಕೆ ಇಳಿಯದೆ ಜಡ್ಜ್ ಕಡೆ ನೋಡಿ ಸಾಕು.

1999ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಒಬ್ಬರು ತಾವು ಮಂಗಳ ಗ್ರಹದವರು ಎಂದೇ ದಾವೆ ಹಾಕಿದ್ದರು. ಕೋರ್ಟು ಅದನ್ನು ತೆಗೆದುಹಾಕಿತು. ಹಾಗೆ ಮಾಡುವಾಗಲೂ ಅವರು ಸಭ್ಯರು, ಬುದ್ಧಿವಂತರು, ಚೆನ್ನಾಗಿ ಮಾತನಾಡಿದರು ಎಂದು ತೀರ್ಪಿನಲ್ಲೇ ದಾಖಲಿಸಿತು. ಬೆಳಕು ಕಂಡೆ ಎನ್ನುವ ಮೇಷ್ಟ್ರನ್ನು ನಮ್ಮ ಜಡ್ಜುಗಳೂ ಮರ್ಯಾದೆಯಿಂದಲೇ ಕೇಳುತ್ತಾರೆ.

ಕಾಲು ಮುರಿದ ಆ ರೈತರ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಅವರು ಪರಿಹಾರಕ್ಕೆ ಎಂವಿಸಿ ಕೇಸು, ಅಂದರೆ ಮೋಟಾರು ವಾಹನ ಅಪಘಾತದ ಪರಿಹಾರದ ಕೇಸು, ಹಾಕಿದ್ದರೆ ಅಲ್ಲಿ ಅಳತೆಗೋಲೇ ಬೇರೆ. ಕ್ರಿಮಿನಲ್ ಕೇಸಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಪರಿಹಾರದ ಕೇಸಿನಲ್ಲಿ ಯಾವುದು ಹೆಚ್ಚು ಸಂಭವ ಎಂದು ತೋರಿಸಿದರೆ ಸಾಕು. ನೀವು ಲಾರಿ ಎಂದಿರೋ, ನಾಳೆ ವಿಮಾ ಕಂಪನಿ ಆ ಕಾಣದ ಲಾರಿಯನ್ನೇ ಹಿಡಿದುಕೊಂಡು, ತಪ್ಪು ಅದರದ್ದು, ನಮ್ಮ ಕಾರಿನದಲ್ಲ ಎಂದು ವಾದ ಮಾಡುತ್ತದೆ. ಆ ರೈತರ ಹಣ ವರ್ಷಗಟ್ಟಲೆ ತಡವಾಗಬಹುದು. ಕಾರಿನ ವಿಮೆ ಚಾಲ್ತಿಯಲ್ಲಿತ್ತು ಎಂದರೆ ಅದರ ಪ್ರತಿಯನ್ನು ಭಾಮೈದ ಆ ರೈತರ ವಕೀಲರಿಗೆ ಈ ವಾರವೇ ಕೊಡಲಿ. ಮತ್ತೆ ಸಮನ್ಸ್‌ನಲ್ಲಿ ಬರೆದಿರುವ ದಿನ ಬೆಳಿಗ್ಗೆ ಹತ್ತೂವರೆಗೆ ಮೊದಲೇ ಕೋರ್ಟಿಗೆ ಹೋಗಿ, ಸರ್ಕಾರಿ ವಕೀಲರನ್ನು ಕಂಡು, ನಿಮ್ಮ ಹೇಳಿಕೆಯನ್ನು ಒಮ್ಮೆ ಓದಿಸಿಕೊಳ್ಳಿ.